ಟೇಬಲ್ ಮೇಲೆ ಓಡುತ್ತೆ, ನೆಲಕ್ಕಿಟ್ಟರೆ ರೀಸೆಟ್: ವಿದ್ಯಾರ್ಥಿ ರೋಬೋಟ್‌ನ ಹಳೇ ಕಾಯಿಲೆಯ ಪತ್ತೆ

ಪ್ರಾಜೆಕ್ಟ್ ಡೆಮೊ ಹತ್ತಿರ ಬಂತೆಂದರೆ ನಮ್ಮ ಲ್ಯಾಬಿನ ಬಾಗಿಲಲ್ಲಿ ಕೇಳುವ ಮಾತು ಹೆಚ್ಚುಕಡಿಮೆ ಒಂದೇ. "ಸರ್, ಟೇಬಲ್ ಮೇಲೆ ಸಕ್ಕತ್ತಾಗಿ ಓಡುತ್ತೆ. ಕೆಳಗಿಟ್ರೆ ಒಂದು ಸಲ ಮುಂದೆ ಹೋಗಿ ಸತ್ತೋಗುತ್ತೆ. ಆಮೇಲೆ ತಾನೇ ಆನ್ ಆಗುತ್ತೆ." ಹಿಂದೆಯೇ ಇನ್ನೊಬ್ಬ ಸೇರಿಸುತ್ತಾನೆ: "ನಿನ್ನೆ ರಾತ್ರಿ ಸರಿಯಾಗೇ ಇತ್ತು ಸರ್."

ನಿನ್ನೆ ರಾತ್ರಿಯೂ ಸರಿಯಾಗಿರಲಿಲ್ಲ. ನಿನ್ನೆ ರಾತ್ರಿ ಅದು ಟೇಬಲ್ ಮೇಲೆ ಇತ್ತು, ಅಷ್ಟೇ.

ಈ ಕಾಯಿಲೆಯನ್ನು ಹುಡುಕಲು ನಾವು ಹಿಡಿಯುವ ದಾರಿಯನ್ನು, ಹೋದ ಸೆಮಿಸ್ಟರಿನಲ್ಲಿ ಬಂದ ಒಂದು ಬಾಟ್ (ರೋಬೋಟ್) ಮುಂದಿಟ್ಟುಕೊಂಡು ಇಲ್ಲಿ ಬರೆದಿದ್ದೇನೆ. ನಿಮ್ಮ ಬಾಟ್‌ನಲ್ಲಿ ಚಿಪ್ ಬೇರೆ ಇರಬಹುದು, ಮೋಟರ್ ಬೇರೆ ಇರಬಹುದು. ದಾರಿ ಬದಲಾಗುವುದಿಲ್ಲ.

ಬಾಟ್ ಹೀಗಿತ್ತು

ಎರಡು ಚಕ್ರ, ಹಿಂದೊಂದು ಕ್ಯಾಸ್ಟರ್, ಅಂದರೆ ಎಲ್ಲ ದಿಕ್ಕಿಗೂ ತಿರುಗುವ ಪುಟ್ಟ ಚಕ್ರ. ತೂಕ ಸುಮಾರು 4 ಕೆಜಿ. 12 ವೋಲ್ಟ್‌ನ ಎರಡು ಗೇರ್ ಮೋಟರ್, ಹಿಂಬದಿಯಲ್ಲಿ ತಿರುಗಿದ್ದನ್ನು ಎಣಿಸುವ ಎನ್‌ಕೋಡರ್. ಮೋಟರಿಗೊಂದರಂತೆ, ಅದಕ್ಕೆ ಕರೆಂಟ್ ಹರಿಸುವ ಬಿಟಿಎಸ್7960 ಡ್ರೈವರ್ ಬೋರ್ಡ್. ಮೂರು ಸೆಲ್‌ನ ಲಿಥಿಯಂ ಪಾಲಿಮರ್ ಬ್ಯಾಟರಿ, ಹುಡುಗರ ಭಾಷೆಯಲ್ಲಿ "ತ್ರೀ ಎಸ್ ಲಿಪೊ". ಬ್ಯಾಟರಿಯ ವೋಲ್ಟೇಜನ್ನು ಒಂದು ಬಕ್ ಕನ್ವರ್ಟರ್ 5 ವೋಲ್ಟಿಗೆ ಇಳಿಸಿ ಇಬ್ಬರಿಗೆ ಬಡಿಸುತ್ತದೆ: ಮೇಲಿನ ಲೆಕ್ಕಾಚಾರಕ್ಕೆ ಕೂತ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4, ಮೋಟರ್ ನೋಡಿಕೊಳ್ಳುವ ಮೈಕ್ರೋಕಂಟ್ರೋಲರ್ ಚಿಪ್ ಇಎಸ್‌ಪಿ32. ಇವೆರಡರ ನಡುವೆ ಮಾತುಕತೆ ವೈಫೈ ಮೇಲೆ. ವೈರಿಂಗ್ ಬಹುಪಾಲು ಬೆಂಗಳೂರಿನ ಎಸ್‌ಪಿ ರೋಡಿನಿಂದ ಕಟ್ಟುಗಟ್ಟಲೆ ತಂದ ಬಣ್ಣಬಣ್ಣದ ಜಂಪರ್ ವೈರುಗಳದ್ದು. ಈ ಜಂಪರ್ ವೈರುಗಳನ್ನು ನೆನಪಿಟ್ಟುಕೊಳ್ಳಿ.

ಬಾಟ್‌ನ ಹೊಟ್ಟೆಗೆ ಪುಸ್ತಕ ಕೊಟ್ಟು ಚಕ್ರ ಗಾಳಿಯಲ್ಲಿ ತಿರುಗಿಸಿದರೆ ಗಂಟೆಗಟ್ಟಲೆ ತೊಂದರೆಯಿಲ್ಲ. ನೆಲಕ್ಕಿಟ್ಟು ಹಿಂದೆ-ಮುಂದೆ ಓಡಿಸಿದರೆ ಇಎಸ್‌ಪಿ32 ಪಟ್ಟನೆ ರೀಸೆಟ್. ನಿಂತಲ್ಲೇ ತಿರುಗಿಸಿದರೆ ಒಮ್ಮೊಮ್ಮೆ ರೀಸೆಟ್, ಒಮ್ಮೊಮ್ಮೆ ಇಲ್ಲ.

ಮೊದಲು ಕೋಡಿನಿಂದ ಕೈ ತೆಗೆಯಿರಿ

ಹುಡುಗರು ನನ್ನ ಹತ್ತಿರ ಬರುವ ಹೊತ್ತಿಗೆ ಮೂರು ದಿನ ಕಳೆದಿತ್ತು. ಆ ಮೂರು ದಿನದಲ್ಲಿ ಅವರು ಮೋಟರ್ ವೇಗ ಹಿಡಿತದಲ್ಲಿಡುವ ಪಿಐಡಿ ಲೆಕ್ಕದ ಗುಣಕಗಳನ್ನು ಬದಲಿಸಿದ್ದರು, ಅಲ್ಲಲ್ಲಿ ಡಿಲೇ ತುರುಕಿದ್ದರು, ಲೈಬ್ರರಿಯ ಹಳೇ ಆವೃತ್ತಿ ಹಾಕಿದ್ದರು, ಇಎಸ್‌ಪಿ32 ಬೋರ್ಡನ್ನೇ ಹೊಸದಾಗಿ ಕೊಂಡು ತಂದಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕತೆ. ಕೋಡ್ ನಮ್ಮ ಕೈಗೆ ಸುಲಭವಾಗಿ ಸಿಗುತ್ತದೆ, ಕೂತಲ್ಲೇ ಬದಲಿಸಬಹುದು. ಅದಕ್ಕೇ ಅದರ ಮೇಲೆ ಮೊದಲ ಅನುಮಾನ. ಸ್ಕ್ರೂಡ್ರೈವರ್ ಹುಡುಕಬೇಕೆಂದರೆ ಎದ್ದು ಹೋಗಬೇಕಲ್ಲ.

ಅವರು ಮಾಡಿದ್ದರಲ್ಲಿ ಇನ್ನೂ ಅಪಾಯದ್ದೊಂದಿತ್ತು. ಇಎಸ್‌ಪಿ32ರ ಬ್ರೌನ್‌ಔಟ್ ಡಿಟೆಕ್ಟರನ್ನು ಆಫ್ ಮಾಡುವ ಒಂದು ಸಾಲಿನ ಕೋಡ್ ಎಲ್ಲ ಕಡೆ ಓಡಾಡುತ್ತದೆ; ಅದನ್ನು ಅಂಟಿಸಿದ್ದರು. ವೋಲ್ಟೇಜ್ ಕುಸಿದಾಗ ಚಿಪ್ ತಪ್ಪು ಕೆಲಸ ಮಾಡುವ ಮೊದಲು ತನ್ನನ್ನು ತಾನೇ ನಿಲ್ಲಿಸಿಕೊಳ್ಳುವ ವ್ಯವಸ್ಥೆ ಅದು. ಥರ್ಮಾಮೀಟರ್ ಒಡೆದರೆ ಜ್ವರ ಇಳಿಯುವುದಿಲ್ಲ. ಡಿಟೆಕ್ಟರ್ ಇಲ್ಲದ ಚಿಪ್ ಅರೆಬರೆ ವೋಲ್ಟೇಜಿನಲ್ಲಿ ಏನು ಮಾಡುತ್ತದೋ ಹೇಳಲಾಗದು. ಮೋಟರನ್ನು ಪೂರ್ತಿ ವೇಗದಲ್ಲಿ ಬಿಟ್ಟು ಹ್ಯಾಂಗ್ ಆಗಿ ನಿಂತರೆ ಕಾಲಿಗೆ ಪೆಟ್ಟು ನಿಮ್ಮದೇ. ಆ ಸಾಲನ್ನು ಮೊದಲು ಅಳಿಸಿಸಿದೆ. ಆಮೇಲೆ, ಇನ್ನು ಮುಂದೆ ಕಾರಣ ಸಿಗುವವರೆಗೂ ಕೋಡ್ ಮುಟ್ಟಬಾರದು ಎಂದು ಈಗಿನ ಪ್ರತಿಯನ್ನು ಗಿಟ್‌ನಲ್ಲಿ (ಕೋಡಿನ ಆವೃತ್ತಿಗಳನ್ನು ಉಳಿಸಿಡುವ ಸಾಧನ) ಕಮಿಟ್ ಮಾಡಿಸಿ ಲ್ಯಾಪ್‌ಟಾಪ್ ಮುಚ್ಚಿಸಿದೆ.

ಕರೆದಾಗ ಬರುವಂತೆ ಮಾಡಿ

ಒಮ್ಮೊಮ್ಮೆ ಬರುವ ದೋಷವನ್ನು ರಿಪೇರಿ ಮಾಡಲಾಗದು; ರಿಪೇರಿ ಆಯಿತೋ, ಸುಮ್ಮನೆ ಬರಲಿಲ್ಲವೋ ಗೊತ್ತಾಗುವುದೇ ಇಲ್ಲ. 1997ರ ಜುಲೈ 4ರಂದು ಮಂಗಳನ ಮೇಲಿಳಿದ ಪಾತ್‌ಫೈಂಡರ್ ನೌಕೆಯ ಕಂಪ್ಯೂಟರ್ ಕೆಲವೇ ದಿನಗಳಲ್ಲಿ ತಾನಾಗಿಯೇ ರೀಸೆಟ್ ಆಗತೊಡಗಿತು. ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಎಂಜಿನಿಯರುಗಳು ಭೂಮಿಯ ಮೇಲಿದ್ದ ಅದರ ಪ್ರತಿರೂಪವನ್ನು ಅದೇ ರೀಸೆಟ್ ಬರುವವರೆಗೂ ಓಡಿಸಿದರು. ಅದು ಬಂದ ಮೇಲೆಯೇ, ಕಡಿಮೆ ಆದ್ಯತೆಯ ಒಂದು ಕೆಲಸ ಹಿಡಿದಿಟ್ಟುಕೊಂಡ ಬೀಗಕ್ಕಾಗಿ ಹೆಚ್ಚು ಆದ್ಯತೆಯ ಕೆಲಸ ಕಾಯುತ್ತ ಕೂತು, ಕೆಲಸ ತಡವಾಯಿತೇ ಎಂದು ಕಾಯುವ ವಾಚ್‌ಡಾಗ್ ಟೈಮರ್ ಎಲ್ಲವನ್ನೂ ರೀಸೆಟ್ ಮಾಡುತ್ತಿದೆ ಎಂದು ತಿಳಿದದ್ದು. ಅಲ್ಲಿ ತಪ್ಪು ನಿಜಕ್ಕೂ ಸಾಫ್ಟ್‌ವೇರಿನದ್ದೇ ಆಗಿತ್ತು, ಒಪ್ಪುತ್ತೇನೆ. ಆದರೆ ಅದನ್ನು ಅವರು ಊಹಿಸಲಿಲ್ಲ, ಬರಿಸಿ ನೋಡಿದರು.

ನಮ್ಮ ಬಾಟ್‌ಗೆ ಬರಿಸುವ ವಿಧಾನ ಬಲು ಸರಳ: ಪೂರ್ತಿ ವೇಗದಲ್ಲಿ ಮುಂದೆ, ಒಂದು ಸೆಕೆಂಡ್ ಆದಮೇಲೆ ನಿಲ್ಲಿಸದೆ ಪೂರ್ತಿ ವೇಗದಲ್ಲಿ ಹಿಂದೆ. ಹತ್ತು ಸಲ ಮಾಡಿದರೆ ಹತ್ತೂ ಸಲ ರೀಸೆಟ್.

ಇದು ಯಾಕೆ ಅತಿ ಕಠಿಣ ಪರೀಕ್ಷೆ? ಮೋಟರ್ ನಿಂತಿದ್ದಾಗ ಅದು ಎಳೆಯುವ ಕರೆಂಟನ್ನು ತಡೆಯುವುದು ಅದರ ಸುರುಳಿಯ ರೋಧ ಮಾತ್ರ. ನಮ್ಮ ಮೋಟರಿನ ಎರಡು ತುದಿಗೆ ಮೀಟರ್ ಹಿಡಿದರೆ 2.5 ಓಮ್ ಬಂತು. ಅಂದರೆ 12 ವೋಲ್ಟಿಗೆ ಸುಮಾರು 4.8 ಆಂಪಿಯರ್, ಎರಡಕ್ಕೆ 9.6. ಓಡುವಾಗ ಮೋಟರ್ ತಾನೂ ಜನರೇಟರಿನಂತೆ ಎದುರು ವೋಲ್ಟೇಜ್ ಹುಟ್ಟಿಸುತ್ತದೆ, ಕರೆಂಟ್ ಇಳಿಯುತ್ತದೆ. ಓಡುತ್ತಿರುವಾಗಲೇ ದಿಕ್ಕು ತಿರುಗಿಸಿದಿರೋ, ಅದೇ ಎದುರು ವೋಲ್ಟೇಜ್ ಬ್ಯಾಟರಿಯ ಜೊತೆ ಸೇರಿಕೊಂಡು ಕರೆಂಟ್ ನಿಂತಿದ್ದಾಗಿನ ಹತ್ತಿರಹತ್ತಿರ ಎರಡರಷ್ಟಾಗುತ್ತದೆ. ಚಕ್ರ ಗಾಳಿಯಲ್ಲಿದ್ದರೆ ಈ ಏಟು ಕ್ಷಣಾರ್ಧದಲ್ಲಿ ಮುಗಿಯುತ್ತದೆ, ಬರೀ ಚಕ್ರ ತಾನೇ ತಿರುಗಬೇಕಾದ್ದು. ನೆಲದ ಮೇಲೆ 4 ಕೆಜಿಯ ಓಟ ನಿಲ್ಲುವವರೆಗೂ ಎಳೆಯುತ್ತದೆ. ಟೇಬಲ್ಲಿಗೂ ನೆಲಕ್ಕೂ ಇರುವ ವ್ಯತ್ಯಾಸ ಪೂರ್ತಿ ಇಷ್ಟೇ.

ಈ ಪರೀಕ್ಷೆಗೆ ಮುಂಚೆ ಎರಡು ಕೆಲಸ ತಪ್ಪದೆ ಮಾಡಿ. ಬ್ಯಾಟರಿಯ ಪಾಸಿಟಿವ್ ದಾರಿಯಲ್ಲಿ ಫ್ಯೂಸ್ ಮತ್ತು ಕೈಗೆ ಸಿಗುವ ಕೆಂಪು ಸ್ವಿಚ್ ಇರಲಿ. ಬ್ಯಾಟರಿ ಊದಿದ್ದರೆ ಅಲ್ಲಿಗೇ ನಿಲ್ಲಿಸಿ. ಊದಿದ ಲಿಪೊ ಮೇಲೆ ಪ್ರಯೋಗ ಬೇಡ, ಚುಚ್ಚುವುದಂತೂ ಬೇಡವೇ ಬೇಡ. ನಮ್ಮಲ್ಲಿ ಅಂಥದ್ದಕ್ಕೆಂದೇ ಮರಳು ತುಂಬಿದ ಬಕೆಟ್ ಬಾಗಿಲ ಹೊರಗಿದೆ.

ಯಾಕೆ ಸತ್ತೆ ಎಂದು ಚಿಪ್ಪನ್ನೇ ಕೇಳಿ

ರೀಸೆಟ್‌ನಲ್ಲಿ ಹಲವು ಜಾತಿ. ಎಲ್ಲವೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಆದರೆ ಎದ್ದ ಮೇಲೆ ಚಿಪ್‌ಗೆ ತಾನು ಯಾಕೆ ಬಿದ್ದೆ ಎಂಬುದು ನೆನಪಿರುತ್ತದೆ. ಇಎಸ್‌ಪಿ32ರಲ್ಲಿ ಇದಕ್ಕೆಂದೇ ರೀಸೆಟ್ ರೀಸನ್ ಹೇಳುವ ಫಂಕ್ಷನ್ ಇದೆ. ಪ್ಯಾನಿಕ್ ಎಂದರೆ ಕೋಡ್ ಎಲ್ಲೋ ಮಾಡಬಾರದ್ದು ಮಾಡಿದೆ, ಹೆಚ್ಚಾಗಿ ಮುಟ್ಟಬಾರದ ಮೆಮೊರಿ ಮುಟ್ಟಿದೆ. ವಾಚ್‌ಡಾಗ್ ಎಂದರೆ ಕೋಡ್ ಎಲ್ಲೋ ಸಿಕ್ಕಿಹಾಕಿಕೊಂಡಿದೆ. ಇವೆರಡರಲ್ಲಿ ಯಾವುದು ಬಂದರೂ ಈ ಬರಹ ಮುಚ್ಚಿಟ್ಟು ಕೋಡಿಗೆ ವಾಪಸ್ ಹೋಗಬಹುದು. ಬ್ರೌನ್‌ಔಟ್ ಬಂದರೆ ವೋಲ್ಟೇಜ್ ಕುಸಿತ. ಪವರ್-ಆನ್ ಎಂದು ಬಂದರೂ ಅದೇ ಅನುಮಾನ ಇಟ್ಟುಕೊಳ್ಳಿ. ಕುಸಿತ ತೀರಾ ಆಳವಾಗಿದ್ದರೆ ಚಿಪ್ ತಾನು ಈಗಷ್ಟೇ ಹುಟ್ಟಿದೆ ಎಂದುಕೊಳ್ಳುತ್ತದೆ. (ಆರ್ಡುಯಿನೊ ಊನೊದಲ್ಲೂ ಇಂಥ ರಿಜಿಸ್ಟರ್ ಇದೆ, ಆದರೆ ನಿಮ್ಮ ಕೋಡ್ ಶುರುವಾಗುವ ಮೊದಲೇ ಬೂಟ್‌ಲೋಡರ್ ಅದನ್ನು ಅಳಿಸಿಬಿಡುತ್ತದೆ. ಸೊನ್ನೆ ಬಂತೆಂದು ಮೋಸಹೋಗಬೇಡಿ.)

ಇಲ್ಲೊಂದು ತಮಾಷೆ ನಡೆಯಿತು. ಕಾರಣ ಓದಲು ಹುಡುಗರು ಲ್ಯಾಪ್‌ಟಾಪ್ ತೆಗೆದು ಉದ್ದದ ಯುಎಸ್‌ಬಿ ಕೇಬಲ್ ಕಟ್ಟಿ, ಅದನ್ನು ಕೈಯಲ್ಲಿ ಹಿಡಿದು ಬಾಟ್ ಹಿಂದೆಯೇ ಓಡಿದರು. ರೀಸೆಟ್ಟೇ ಇಲ್ಲ. ಹಿಂದೆ ಮುಂದೆ, ಹಿಂದೆ ಮುಂದೆ, ಇಪ್ಪತ್ತು ಸಲ. ಏನೂ ಆಗಲಿಲ್ಲ. ಕೇಬಲ್ ಕಿತ್ತರೆ ಮತ್ತೆ ಮೊದಲ ಸಲಕ್ಕೇ ರೀಸೆಟ್.

"ನೋಡಿ ಸರ್, ಇದೇ ಆಗ್ತಿರೋದು! ನೀವು ನೋಡಿದ್ರೆ ಸರಿ ಇರುತ್ತೆ."

"ಅಂದ್ರೆ ಕೇಬಲ್ ಏನನ್ನೋ ಕೊಡ್ತಿದೆ. ಏನು ಕೊಡುತ್ತೆ ಅದು?"

"ಡೇಟಾ."

"ಇನ್ನೇನು?"

ಸ್ವಲ್ಪ ಹೊತ್ತು ಸುಮ್ಮನಿದ್ದು ಅವರಲ್ಲೊಬ್ಬಳು ಮೆಲ್ಲಗೆ ಹೇಳಿದಳು: "ಫೈವ್ ವೋಲ್ಟ್ ಸರ್. ಗ್ರೌಂಡು."

ಅಲ್ಲಿಗೆ ಅರ್ಧ ಕೆಲಸ ಮುಗಿದ ಹಾಗೆ. ನೋಡಿದರೆ ಮಾಯವಾಗುವ ದೋಷ ಸಿಕ್ಕಾಗ ಬೇಜಾರಾಗಬೇಡಿ. ನೋಡಲು ನೀವು ಸೇರಿಸಿದ ವಸ್ತುವೇ ಸುಳಿವು. ಲ್ಯಾಪ್‌ಟಾಪ್ ತನ್ನ ಬ್ಯಾಟರಿಯ ಮೇಲಿತ್ತು, ಬಾಟ್‌ನ ಬೇರೆ ಯಾವ ಭಾಗಕ್ಕೂ ಅದರ ಸಂಬಂಧವಿರಲಿಲ್ಲ. ಅದು ಕೊಡುವ 5 ವೋಲ್ಟ್ ಇಎಸ್‌ಪಿ32ರ ಗ್ರೌಂಡ್ ಪಿನ್ನಿನಿಂದಲೇ ಅಳೆದ 5 ವೋಲ್ಟ್. ಬಕ್ ಕನ್ವರ್ಟರಿನದ್ದು ಹಾಗಲ್ಲ.

ಕೇಬಲ್ ಇಲ್ಲದೆ ಕಾರಣ ತಿಳಿಯಲು ಎದ್ದ ಕೂಡಲೇ ಆ ಸಂಖ್ಯೆಯನ್ನು ಫ್ಲ್ಯಾಶ್ ಮೆಮೊರಿಯಲ್ಲಿ ಬರೆದಿಡುವಂತೆ ಮಾಡಿ ಆಮೇಲೆ ಓದಬಹುದು. ನಾವು ಅಷ್ಟೂ ಮಾಡಲಿಲ್ಲ: ಬ್ರೌನ್‌ಔಟ್ ಆದರೆ ಬೋರ್ಡಿನ ಎಲ್‌ಇಡಿ ಐದು ಸಲ ಮಿಣುಕಲಿ ಎಂದೆವು. ಕೋಡ್ ಮುಟ್ಟುವುದಿಲ್ಲವೆಂಬ ವ್ರತಕ್ಕೆ ಇದೊಂದು ವಿನಾಯಿತಿ. ಮುಂದಿನ ಓಟದಲ್ಲಿ ಐದು ಸಲ ಮಿಣುಕಿತು.

5 ವೋಲ್ಟ್ ಇದೆ ಸರಿ, ಎಲ್ಲಿದೆ?

"ಪವರ್ ಚೆಕ್ ಮಾಡಿದೀವಿ ಸರ್, ಬಕ್‌ನಲ್ಲಿ ಕರೆಕ್ಟಾಗಿ ಐದು ಇದೆ" ಎಂದು ಅವರು ಬಂದ ದಿನವೇ ಹೇಳಿದ್ದರು. ಸುಳ್ಳಲ್ಲ. ಆದರೆ ಬಕ್‌ನ ಬಾಯಲ್ಲಿ 5 ಇದ್ದರೆ ಅದು ಬಕ್‌ಗೆ ಸಮಾಧಾನ. ಊರ ಟ್ಯಾಂಕಿನಲ್ಲಿ ನೀರಿದೆ ಎಂದಮಾತ್ರಕ್ಕೆ ನಿಮ್ಮ ಮನೆ ನಲ್ಲಿಯಲ್ಲಿ ಬರಬೇಕೆಂದೇನಿಲ್ಲ. ಅಳೆಯಬೇಕಾದ್ದು ಇಎಸ್‌ಪಿ32ರ ಎರಡು ಪಿನ್ನುಗಳ ನಡುವೆ, ಅದೂ ಮೋಟರ್ ಎಳೆಯುತ್ತಿರುವಾಗ.

ಮೇಲಿನಿಂದ ಕೆಳಕ್ಕೆ ಒಂದೊಂದೇ ಮೆಟ್ಟಿಲು ಇಳಿದೆವು. ಎಲ್ಲ ಅಳತೆಗೂ ಬಾಟನ್ನು ಗೋಡೆಗೆ ಒತ್ತಿಹಿಡಿದು, ಚಕ್ರ ತಿರುಗದಂತೆ ಮಾಡಿ, ಎರಡೇ ಸೆಕೆಂಡ್ ಪೂರ್ತಿ ಪವರ್. ಇದರ ಹಿಂದೊಂದು ಕಾರಣವಿದೆ. ಸಾಮಾನ್ಯ ಮಲ್ಟಿಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಂಕಿ ಬದಲಿಸುತ್ತದೆ. ದಿಕ್ಕು ತಿರುಗಿಸುವ ಕ್ಷಣದ ಕುಸಿತ ಅದರ ಕಣ್ಣಿಗೇ ಬೀಳುವುದಿಲ್ಲ. ಗೋಡೆಗೆ ಒತ್ತಿದರೆ ಕರೆಂಟ್ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ, ಬಡ ಮೀಟರಿಗೂ ಕಾಣುತ್ತದೆ. ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಮೋಟರ್ ಸುಟ್ಟ ವಾಸನೆಯೂ ಬರಬಹುದು.

ಬ್ಯಾಟರಿ: ಸುಮ್ಮನಿದ್ದಾಗ 12.2, ಒತ್ತಿದಾಗ 11.8. ಹತ್ತಿರಹತ್ತಿರ 10 ಆಂಪಿಯರಿಗೆ 0.4 ವೋಲ್ಟ್ ಇಳಿತ, ಅಂದರೆ ವೈರು ಕನೆಕ್ಟರ್ ಎಲ್ಲ ಸೇರಿ 0.04 ಓಮ್ ಆಸುಪಾಸು. ಪರವಾಗಿಲ್ಲ. ಇಲ್ಲೇ 9 ವೋಲ್ಟಿಗೆ ಬಿದ್ದಿದ್ದರೆ ಬ್ಯಾಟರಿ ಮುದಿಯಾಗಿದೆ ಅಥವಾ ಒಂದು ಸೆಲ್ ಸತ್ತಿದೆ ಎಂದು ಬ್ಯಾಲೆನ್ಸ್ ಕನೆಕ್ಟರಿನಲ್ಲಿ ಒಂದೊಂದು ಸೆಲ್ಲನ್ನೂ ಬೇರೆ ಬೇರೆ ನೋಡಬೇಕಿತ್ತು. ತುಂಬಿದ ಸೆಲ್ 4.2 ವೋಲ್ಟ್, ಎಳೆಯುವಾಗಲೂ 3ಕ್ಕಿಂತ ಕೆಳಗೆ ಇಳಿಯಬಾರದು.

ಬಕ್‌ನ ಔಟ್‌ಪುಟ್: 5.05, ಒತ್ತಿದಾಗ 5.03. ಒಳ್ಳೇದು.

ರಾಸ್ಪ್‌ಬೆರಿ ಪೈ: ಇದಕ್ಕೆ ಮೀಟರೂ ಬೇಕಿಲ್ಲ. ಪೈ ತನ್ನ 5 ವೋಲ್ಟ್ ಸುಮಾರು 4.63ಕ್ಕಿಂತ ಕೆಳಗಿಳಿದರೆ ಅದನ್ನು ಬರೆದಿಟ್ಟುಕೊಳ್ಳುತ್ತದೆ. ಟರ್ಮಿನಲ್‌ನಲ್ಲಿ ಥ್ರಾಟಲ್ ಸ್ಥಿತಿ ಕೇಳುವ ಕಮಾಂಡ್ ಕೊಟ್ಟರೆ, ಬೂಟ್ ಆದಾಗಿನಿಂದ ಒಮ್ಮೆಯೂ ಹಾಗಾಗಿಲ್ಲವೆಂದರೆ ಸೊನ್ನೆ ಬರುತ್ತದೆ. 5ರ ಮುಂದೆ ನಾಲ್ಕು ಸೊನ್ನೆಯ ಹೆಕ್ಸ್ ಸಂಖ್ಯೆ ಬಂದರೆ ಹಿಂದೆ ಯಾವಾಗಲೋ ವೋಲ್ಟೇಜ್ ಬಿದ್ದಿತ್ತು, ಪೈ ತನ್ನ ವೇಗ ತಗ್ಗಿಸಿತ್ತು ಎಂದರ್ಥ. ನಮ್ಮದರಲ್ಲಿ ಸೊನ್ನೆ. ಹತ್ತು ರೀಸೆಟ್ ಆದಮೇಲೂ ಸೊನ್ನೆ.

ಇದು ದೊಡ್ಡ ಸುಳಿವು. ಒಂದೇ ಬಕ್, ಇಬ್ಬರು ಮಕ್ಕಳು. ಒಬ್ಬನ ಹೊಟ್ಟೆ ತುಂಬಿದೆ, ಇನ್ನೊಬ್ಬ ಉಪವಾಸ. ತಪ್ಪು ಅಡುಗೆಮನೆಯಲ್ಲಿಲ್ಲ, ಬಡಿಸುವ ದಾರಿಯಲ್ಲಿದೆ. ಪೈಗೆ ಹೋಗುತ್ತಿದ್ದದ್ದು ದಪ್ಪ ಕೇಬಲ್. ಇಎಸ್‌ಪಿ32ಕ್ಕೆ ಹೋಗುತ್ತಿದ್ದದ್ದು ಎರಡು ಜಂಪರ್ ವೈರು.

ಇಎಸ್‌ಪಿ32ರ ಪಿನ್ನುಗಳ ನಡುವೆ: ಸುಮ್ಮನಿದ್ದಾಗ 5.0, ಒತ್ತಿದಾಗ 4.2.

0.8 ವೋಲ್ಟ್ ಎಲ್ಲಿ ಹೋಯಿತು? ಇಎಸ್‌ಪಿ32 ತಾನು ತಿನ್ನುವುದು ವೈಫೈ ಕಳಿಸುವಾಗಲೂ ಕಾಲು ಆಂಪಿಯರ್ ಆಸುಪಾಸು. ಅಷ್ಟಕ್ಕೆ ಜಂಪರ್ ವೈರಿನಲ್ಲಿ ಇಷ್ಟು ಕಳೆಯುವುದಿಲ್ಲ. ಮೇಲಾಗಿ ಒತ್ತಿದ್ದು ಮೋಟರನ್ನು, ಇಎಸ್‌ಪಿ32ನ್ನಲ್ಲ.

ಕಪ್ಪು ವೈರನ್ನೂ ಅಳೆಯಿರಿ

ನಮ್ಮ ಹುಡುಗರು ಕೆಂಪು ವೈರನ್ನು ಮಾತ್ರ ವೈರು ಎಂದು ಎಣಿಸುತ್ತಾರೆ. ಗ್ರೌಂಡ್ ಎಂದರೆ ಸೊನ್ನೆ, ಅದನ್ನೇನು ಅಳೆಯುವುದು ಎಂಬ ಭಾವ. ಸರ್ಕ್ಯೂಟ್ ಚಿತ್ರದಲ್ಲಿ ಆ ಮೂರು ಗೆರೆಯ ಗುರುತು ಎಲ್ಲಿದ್ದರೂ ಒಂದೇ ಬಿಂದು. ಬಾಟ್‌ನಲ್ಲಿ ಅದು ತಾಮ್ರದ ತಂತಿ, ಅದಕ್ಕೂ ರೋಧವಿದೆ, ಅದರಲ್ಲಿ ಕರೆಂಟ್ ಹೋದರೆ ಅದರ ಎರಡು ತುದಿ ಒಂದೇ ಆಗಿರುವುದಿಲ್ಲ.

ಮೀಟರಿನ ಕಪ್ಪು ಪ್ರೋಬನ್ನು ಬ್ಯಾಟರಿಯ ನೆಗೆಟಿವ್‌ನಲ್ಲಿ ಕಟ್ಟಿ ಅಲ್ಲೇ ಬಿಡಿ. ಕೆಂಪು ಪ್ರೋಬನ್ನು ಒಂದೊಂದು ಗ್ರೌಂಡಿಗೂ ತಾಗಿಸುತ್ತ ಹೋಗಿ. ಎಲ್ಲ ಕಡೆಯೂ ಸೊನ್ನೆ ಬರಬೇಕು. ಒತ್ತಿದಾಗ ನಮಗೆ ಬಂದದ್ದು: ಬಕ್‌ನ ಗ್ರೌಂಡ್ 0.02. ಇಎಸ್‌ಪಿ32ರ ಗ್ರೌಂಡ್ 0.8. ಮೋಟರ್ ಡ್ರೈವರಿನ ಗ್ರೌಂಡ್ 1.4.

ಈ ಮೂರು ಅಂಕಿ ಬೋರ್ಡಿನ ಮೇಲೆ ಬರೆದ ಮೇಲೆ ಹೆಚ್ಚು ವಿವರಿಸಬೇಕಾಗಲಿಲ್ಲ. ಡ್ರೈವರಿನಿಂದ ಬ್ಯಾಟರಿಗೆ ನೇರ ಹೋಗುವ ದಪ್ಪ ಕಪ್ಪು ವೈರಿನಲ್ಲಿ 1.4 ವೋಲ್ಟ್ ಕಳೆಯುತ್ತಿದೆ ಎಂದರೆ ಆ ದಾರಿ ಕೆಟ್ಟಿದೆ. ದಾರಿ ಕೆಟ್ಟರೆ ಕರೆಂಟ್ ನಿಲ್ಲುವುದಿಲ್ಲ, ಸುತ್ತುದಾರಿ ಹುಡುಕುತ್ತದೆ. ಸಿಗ್ನಲ್‌ಗೆಂದು ಡ್ರೈವರಿನಿಂದ ಇಎಸ್‌ಪಿ32ಕ್ಕೆ ಒಂದು ಗ್ರೌಂಡ್ ಜಂಪರ್, ಇಎಸ್‌ಪಿ32ರಿಂದ ಬಕ್‌ಗೆ ಇನ್ನೊಂದು. ಮೋಟರ್ ಕರೆಂಟಿನ ಅರ್ಧದಷ್ಟು ಈ ಎರಡು ಕಡ್ಡಿಯಂಥ ವೈರಿನಲ್ಲಿ ಮನೆಗೆ ಮರಳುತ್ತಿತ್ತು. "ಆ ಜಂಪರ್ ಮುಟ್ಟಿ ನೋಡು" ಎಂದೆ. ಮುಟ್ಟಿದವಳು ಕೈ ಹಿಂದಕ್ಕೆಳೆದುಕೊಂಡಳು. ಕಂದು ಬಣ್ಣದ ಪ್ಲಾಸ್ಟಿಕ್ ಪಿನ್ನಿನ ಹತ್ತಿರ ಮೆತ್ತಗಾಗಿ ಸ್ವಲ್ಪ ಹೊಳೆಯುತ್ತಿತ್ತು.

ಇನ್ನು ರೀಸೆಟ್ಟಿನ ಲೆಕ್ಕ ಕೂಡುತ್ತದೆ. ಒತ್ತಿದಾಗ ಇಎಸ್‌ಪಿ32ರ ಗ್ರೌಂಡ್ 0.8 ಮೇಲೇರಿದರೆ, ಕರೆಂಟ್ ಎರಡರಷ್ಟಾಗುವ ದಿಕ್ಕು ತಿರುಗಿಸುವ ಗಳಿಗೆಯಲ್ಲಿ ಸುಮಾರು 1.6. ಅಂದರೆ ಬೋರ್ಡಿಗೆ ಸಿಗುವುದು 3.4 ವೋಲ್ಟ್. ಬೋರ್ಡಿನ ಮೇಲಿರುವ 3.3 ವೋಲ್ಟಿನ ರೆಗ್ಯುಲೇಟರ್ ತನಗೆಂದು 1.1 ವೋಲ್ಟ್ ಇಟ್ಟುಕೊಳ್ಳುತ್ತದೆ. ಚಿಪ್‌ಗೆ ಮುಟ್ಟುವುದು 2.3. ಬ್ರೌನ್‌ಔಟ್ ಗೆರೆ ಇರುವುದು 2.43ರ ಹತ್ತಿರ.

ಲೆಕ್ಕವನ್ನೇ ನಂಬಿ ಕೂರದೆ ಎಲೆಕ್ಟ್ರಾನಿಕ್ಸ್ ವಿಭಾಗದಿಂದ ಸ್ಕೋಪ್ (ವೋಲ್ಟೇಜಿನ ಏರಿಳಿತವನ್ನು ಗ್ರಾಫಿನಂತೆ ತೋರಿಸುವ ಆಸಿಲೋಸ್ಕೋಪ್) ಕೇಳಿ ತಂದೆವು. ವೋಲ್ಟೇಜ್ 1 ದಾಟಿ ಏರಿದ ಕೂಡಲೇ ಒಮ್ಮೆ ಚಿತ್ರ ಹಿಡಿಯುವಂತೆ ಹೊಂದಿಸಿದೆವು (ಸಿಂಗಲ್ ಟ್ರಿಗರ್, ಏರುವ ಅಂಚು). ಪ್ರೋಬ್ ಇಎಸ್‌ಪಿ32ರ ಗ್ರೌಂಡ್ ಮೇಲೆ, ಕ್ಲಿಪ್ ಬ್ಯಾಟರಿ ನೆಗೆಟಿವ್ ಮೇಲೆ. ಒಂದು ಎಚ್ಚರಿಕೆ: ಎರಡು ಪ್ರೋಬ್ ಹಾಕಿದರೆ ಎರಡೂ ಕ್ಲಿಪ್ ಒಂದೇ ಕಡೆ ಹಾಕಿ, ಸ್ಕೋಪಿನೊಳಗೆ ಅವು ಒಂದಕ್ಕೊಂದು ಕೂಡಿಕೊಂಡಿರುತ್ತವೆ, ಬೇರೆ ಬೇರೆ ಗ್ರೌಂಡಿಗೆ ಹಾಕಿದರೆ ಸ್ಕೋಪೇ ನಿಮ್ಮ ಹೊಸ ಸುತ್ತುದಾರಿ ಆಗುತ್ತದೆ. ಪರದೆಯ ಮೇಲೆ ದಿಕ್ಕು ತಿರುಗಿದ ಕೂಡಲೇ ಗ್ರೌಂಡ್ ಗೋಡೆಯಂತೆ ಎದ್ದು 1.6 ದಾಟಿ, ನಿಧಾನ ಇಳಿಜಾರಿನಲ್ಲಿ ಇಳಿಯಿತು. ಚಕ್ರ ಗಾಳಿಯಲ್ಲಿಟ್ಟು ಮಾಡಿದರೆ ಅದೇ ಗೋಡೆ, ಆದರೆ ಸೂಜಿಯಷ್ಟು ತೆಳ್ಳಗೆ. ಯಾರೋ ಹೇಳಿದರೆಂದು ಇಎಸ್‌ಪಿ32ರ ಪಕ್ಕ ಹಾಕಿದ್ದ 470 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಆ ಸೂಜಿಯನ್ನು ನುಂಗಿ, ಟೇಬಲ್ ಮೇಲೆ ರೋಗವನ್ನು ಮೂರು ದಿನ ಮುಚ್ಚಿಟ್ಟಿತ್ತು.

ಸ್ಕ್ರೂ ಬಿಚ್ಚಿದಾಗ

ಕೆಟ್ಟ ದಾರಿಯಲ್ಲಿ ಕೆಟ್ಟದ್ದು ಯಾವುದು? ಕಪ್ಪು ವೈರು ಎರಡು ಕಡೆ ಸ್ಕ್ರೂ ಟರ್ಮಿನಲ್ಲಿಗೆ ಹೋಗುತ್ತಿತ್ತು. ಮೀಟರಿನ ಒಂದು ಪ್ರೋಬ್ ವೈರಿನ ತಾಮ್ರಕ್ಕೆ, ಇನ್ನೊಂದು ಅದೇ ಸ್ಕ್ರೂವಿನ ತಲೆಗೆ. ಬ್ಯಾಟರಿ ಕಡೆ 0.01. ಡ್ರೈವರ್ ಕಡೆ 1.3. ಕಾಲು ಇಂಚಿನ ಜಾಗದಲ್ಲಿ ಪೂರ್ತಿ ಕತೆ.

ಎಳೆದು ನೋಡಿದರೆ ವೈರು ಬರಲಿಲ್ಲ. ಸ್ಕ್ರೂ ಕೂಡ ಬಿಗಿಯಾಗಿತ್ತು, ಕಣ್ಣಿಗೆ ಎಲ್ಲ ಸರಿ. ಬಿಚ್ಚಿದಾಗ ಗೊತ್ತಾಯಿತು: ವೈರಿನ ಎಳೆಗಳು ಕೆದರಬಾರದೆಂದು ಹುಡುಗರು ತುದಿಗೆ ಸೋಲ್ಡರ್ ತುಂಬಿ ಗಟ್ಟಿ ಮಾಡಿದ್ದರು. ನೋಡಲು ಅಚ್ಚುಕಟ್ಟು. ಆದರೆ ಸೋಲ್ಡರ್ ಮೆತ್ತನೆ ಲೋಹ. ಸ್ಕ್ರೂವಿನ ಒತ್ತಡಕ್ಕೆ ದಿನ ಕಳೆದಂತೆ ಜಾರಿ ಚಪ್ಪಟೆಯಾಗುತ್ತದೆ, ಹಿಡಿತ ಸಡಿಲವಾಗುತ್ತದೆ, ಸಡಿಲವಾದಲ್ಲಿ ಬಿಸಿಯಾಗುತ್ತದೆ, ಬಿಸಿಯಾದಲ್ಲಿ ಇನ್ನಷ್ಟು ಜಾರುತ್ತದೆ. ತುದಿಯ ಮೇಲೆ ಸ್ಕ್ರೂವಿನ ಗುರುತು ಹಳ್ಳದಂತೆ ಬಿದ್ದು, ಅದರ ಅಂಚಿಗೆ ಕಪ್ಪು ಕಿಲುಬು ಹಿಡಿದಿತ್ತು. ಡ್ರೈವರ್ ಚಿಪ್ಪಿಗೆ 43 ಆಂಪಿಯರ್ ಎಂದು ದೊಡ್ಡದಾಗಿ ಬರೆದು ಮಾರುತ್ತಾರೆ. ಆ ಬೋರ್ಡಿನ ಪುಟ್ಟ ಟರ್ಮಿನಲ್ ನೋಡಿದರೆ ಆ ಅಂಕಿ ನಂಬಲು ನನಗಂತೂ ಧೈರ್ಯ ಬರುವುದಿಲ್ಲ.

ಸೋಲ್ಡರ್ ತುಂಬಿದ ತುದಿ ಕತ್ತರಿಸಿ ಹಾಕಿ, ಹೊಸದಾಗಿ ಸುಲಿದು, ಪ್ಯಾನೆಲ್ ವೈರಿಂಗ್ ಮಾಡುವವರು ಬಳಸುವ ಪಿನ್ ಲಗ್ (ಎಳೆಗಳನ್ನು ಹಿಡಿಯುವ ಲೋಹದ ತುದಿ) ಒತ್ತಿ ಕೂರಿಸಿ, ಅಂದರೆ ಕ್ರಿಂಪ್ ಮಾಡಿ, ಹಾಕಿದೆವು. ಇದಕ್ಕೆ ಖರ್ಚು ಒಂದು ಚಹಾಕ್ಕಿಂತ ಕಡಿಮೆ. ಅದರ ಜೊತೆಗೆ ಇಎಸ್‌ಪಿ32, ಬಕ್, ಎರಡು ಡ್ರೈವರ್ ಇವುಗಳ ಗ್ರೌಂಡನ್ನು ಒಬ್ಬರ ಮೂಲಕ ಒಬ್ಬರಿಗೆ ಪೋಣಿಸದೆ, ಬ್ಯಾಟರಿಯ ಹತ್ತಿರದ ಒಂದೇ ಜಾಗಕ್ಕೆ ಬೇರೆ ಬೇರೆ ವೈರಿನಲ್ಲಿ ತಂದೆವು. ಸಿಗ್ನಲ್ ಗ್ರೌಂಡ್ ಜಂಪರ್ ಹಾಗೇ ಉಳಿಯಿತು. ಈಗ ಅದರಲ್ಲಿ ಮೋಟರ್ ಕರೆಂಟ್ ಹರಿಯಲು ಕಾರಣವಿಲ್ಲ. ಕೋಡಿನಲ್ಲಿ ದಿಕ್ಕು ತಿರುಗಿಸುವಾಗ ವೇಗವನ್ನು ಹಂತ ಹಂತವಾಗಿ ಇಳಿಸಿ ಏರಿಸುವ ಸಾಲುಗಳನ್ನೂ ಸೇರಿಸಲು ಹೇಳಿದೆ. ಆದರೆ ಅದು ಮಾರನೇ ದಿನ. ಅದೇ ದಿನ ಸೇರಿಸಿದ್ದರೆ ವಾಸಿ ಮಾಡಿದ್ದು ಲಗ್ಗೋ, ಕೋಡೋ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ.

ವಾಸಿಯಾಯಿತೆಂದು ಹೇಳುವ ಮೊದಲು ಇನ್ನೊಂದು ಮಾಡಿಸಿದೆ: ಆ ಸ್ಕ್ರೂವನ್ನು ಬೇಕೆಂದೇ ಒಂದು ಸುತ್ತು ಸಡಿಲಿಸುವುದು. ಮೂರನೇ ಓಟಕ್ಕೆ ಎಲ್‌ಇಡಿ ಐದು ಸಲ ಮಿಣುಕಿತು. ಮತ್ತೆ ಬಿಗಿದರೆ ಇಲ್ಲ.

ರೀಸೆಟ್ ಅಲ್ಲದ ಹುಚ್ಚಾಟಗಳು

ಎಲ್ಲವೂ ಗ್ರೌಂಡಿನ ತಪ್ಪಲ್ಲ. ರೀಸೆಟ್ ಎಂದು ಹೇಳಿಕೊಂಡು ಬಂದು ಬೇರೇನೋ ಆಗಿದ್ದ ಕೆಲವನ್ನು ಬೇಗ ಹೇಳಿಬಿಡುತ್ತೇನೆ.

ಆನ್ ಮಾಡಿದರೆ ಒಮ್ಮೊಮ್ಮೆ ಏಳುವುದೇ ಇಲ್ಲ, ಚಕ್ರವನ್ನು ಕೈಯಿಂದ ಸ್ವಲ್ಪ ತಿರುಗಿಸಿದರೆ ಏಳುತ್ತದೆ. ದೆವ್ವವಲ್ಲ. ಸಾಮಾನ್ಯ ಇಎಸ್‌ಪಿ32 ಬೋರ್ಡಿನಲ್ಲಿ 12ನೇ ಜಿಪಿಐಒ ಪಿನ್ ಏಳುವ ಹೊತ್ತಿಗೆ ಹೈ ಇದ್ದರೆ ಚಿಪ್ ತನ್ನ ಫ್ಲ್ಯಾಶ್ ಮೆಮೊರಿಗೆ 1.8 ವೋಲ್ಟ್ ಸಾಕು ಎಂದುಕೊಂಡು ಬೂಟ್ ಆಗದೆ ನಿಲ್ಲುತ್ತದೆ. ಎನ್‌ಕೋಡರ್ ಆ ಪಿನ್ನಿಗೆ ಹೋಗಿದ್ದರೆ, ಚಕ್ರ ಎಲ್ಲಿ ನಿಂತಿದೆ ಎಂಬುದರ ಮೇಲೆ ಬಾಟ್‌ನ ಹಣೆಬರಹ. ಪಿನ್ ಬದಲಿಸಿ.

ಚಕ್ರ ನಿಂತಿದ್ದರೂ ಎನ್‌ಕೋಡರ್ ಎಣಿಕೆ ಏರುತ್ತಿದೆ. ಪಿನ್ 34ರಿಂದ 39ರವರೆಗೆ ಯಾವುದಕ್ಕಾದರೂ ಹಾಕಿದ್ದೀರಾ ನೋಡಿ. ಅವುಗಳಲ್ಲಿ ಒಳಗಿನ ಪುಲ್‌ಅಪ್, ಅಂದರೆ ಪಿನ್ನನ್ನು ಹೈನಲ್ಲಿ ಹಿಡಿದಿಡುವ ರೆಸಿಸ್ಟರ್, ಇಲ್ಲ. ಕೋಡಿನಲ್ಲಿ ಪುಲ್‌ಅಪ್ ಎಂದು ಬರೆದರೂ ಏನೂ ಆಗುವುದಿಲ್ಲ, ದೂರು ಹೇಳುವುದೂ ಇಲ್ಲ. ಹೊರಗಿನಿಂದ 3.3 ವೋಲ್ಟಿಗೆ 4.7 ಅಥವಾ 10 ಕಿಲೋಓಮ್ ಕಟ್ಟಿ. ಆಮೇಲೂ ಏರಿದರೆ ಮೋಟರಿನ ಎರಡು ತುದಿಗೆ ಅಡ್ಡಲಾಗಿ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪ್ಯಾಸಿಟರ್ ಹಾಕಿ, ಎನ್‌ಕೋಡರ್ ವೈರನ್ನು ಮೋಟರ್ ವೈರಿನ ಮಗ್ಗುಲಿನಿಂದ ದೂರ ತನ್ನಿ.

ನೇರ ಹೋಗು ಎಂದರೆ ಎಡಕ್ಕೆ ಎಳೆಯುತ್ತದೆ. ಪಿಐಡಿ ಮುಟ್ಟುವ ಮೊದಲು ಚಕ್ರವನ್ನು ಹಿಡಿದು ಶಾಫ್ಟ್ ಮೇಲೆ ತಿರುಚಿ ನೋಡಿ. ಚಕ್ರವನ್ನು ಶಾಫ್ಟಿಗೆ ಬಿಗಿಯುವ ಗ್ರಬ್ ಸ್ಕ್ರೂ ಸಡಿಲವಾಗಿರುತ್ತದೆ, ಇಲ್ಲವೇ ಕ್ಯಾಸ್ಟರಿಗೆ ಕೂದಲು ಸುತ್ತಿರುತ್ತದೆ. ಹಾಸ್ಟೆಲ್ ಕಾರಿಡಾರಿನಲ್ಲಿ ಓಡಿಸಿದ ಬಾಟ್‌ಗಳ ಕ್ಯಾಸ್ಟರಿನಿಂದ ನಾನು ತೆಗೆದ ಕೂದಲಿಗೆ ಲೆಕ್ಕವಿಲ್ಲ.

ಯಾರೂ ಜಾಯ್‌ಸ್ಟಿಕ್ ಮುಟ್ಟಿಲ್ಲ, ಬಾಟ್ ತಾನೇ ಓಡುತ್ತದೆ. ಪಕ್ಕದ ಟೇಬಲಿನವರೂ ರಾಸ್ 2 (ರೋಬೋಟ್ ಭಾಗಗಳ ನಡುವೆ ಸಂದೇಶ ಸಾಗಿಸುವ ಸಾಫ್ಟ್‌ವೇರ್) ಬಳಸುತ್ತಿದ್ದಾರೆಯೇ, ಒಂದೇ ವೈಫೈ ಮೇಲೆ ಇದ್ದೀರಾ ಕೇಳಿ. ಒಬ್ಬರ ಸಂದೇಶ ಇನ್ನೊಬ್ಬರಿಗೆ ಹೋಗದಂತೆ ಬೇರ್ಪಡಿಸುವ ಡೊಮೇನ್ ಐಡಿ, ಬದಲಿಸದಿದ್ದರೆ, ಎಲ್ಲರದ್ದೂ ಸೊನ್ನೆ. ಅವರ ಜಾಯ್‌ಸ್ಟಿಕ್ ಮಾತು ನಿಮ್ಮ ಬಾಟ್‌ಗೂ ಕೇಳಿಸುತ್ತದೆ, ಅದು ವಿಧೇಯವಾಗಿ ಪಾಲಿಸುತ್ತದೆ. ನಮ್ಮಲ್ಲಿ ಪ್ರತಿ ತಂಡಕ್ಕೂ ಒಂದೊಂದು ಸಂಖ್ಯೆ ಕೊಟ್ಟು ಬಾಟ್‌ನ ಬೆನ್ನ ಮೇಲೆ ಮಾರ್ಕರಿನಲ್ಲಿ ಬರೆಸಿದ್ದೇವೆ.

ಲ್ಯಾಬಿನ ರಿಜಿಸ್ಟರಿನಲ್ಲಿ ಆ ತಂಡದ ಹುಡುಗಿ ಬರೆದ ನಮೂದು ಹೀಗಿದೆ, ಅವಳ ಮಾತಲ್ಲೇ: "ಡ್ರೈವರ್ ಗ್ರೌಂಡ್ ಸ್ಕ್ರೂ. ತುದಿಗೆ ಸೋಲ್ಡರ್ ಹಾಕಿದ್ವಿ, ಹಾಕಬಾರದು. ಗೋಡೆಗೆ ಒತ್ತಿದಾಗ ಬ್ಯಾಟರಿ ನೆಗೆಟಿವ್‌ನಿಂದ ಡ್ರೈವರ್ ಗ್ರೌಂಡ್ ಮೊದಲು 1.4, ಈಗ 0.05. ಹೊಸ ಇಎಸ್‌ಪಿ ಬೋರ್ಡ್ ಬೇಕಿರಲಿಲ್ಲ, ಯಾರಿಗಾದ್ರೂ ಬೇಕಿದ್ರೆ ಅರ್ಧ ರೇಟಿಗೆ ಕೊಡ್ತೀವಿ."